ಹಗಲೆಲ್ಲ ಕಂಪ್ಯೂಟರ್, ಬೆಳಿಗ್ಗೆ ದೂರದ ಓಟ: ಒಂದೇ ದೇಹದ ಮೇಲೆ ಎರಡು ಭಾರ

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರಬಹುದು. ಕಂಪ್ಯೂಟರ್ ಸಂಶೋಧನೆಯ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಹತ್ತು, ಹದಿನೈದು ಕಿಲೋಮೀಟರ್ ಓಡಿ ಬರುತ್ತಾರೆ. ಆಮೇಲೆ ಕುರ್ಚಿಯಲ್ಲಿ ಕೂತರೆ ರಾತ್ರಿ ಎಂಟಾದರೂ ಏಳುವುದಿಲ್ಲ. ಭಾನುವಾರ ಮೊಣಕಾಲಿಗೆ ಐಸ್ ಇಟ್ಟುಕೊಂಡು, "ಏನಿಲ್ಲ, ಸ್ವಲ್ಪ ಹಿಡಿದುಕೊಂಡಿದೆ ಅಷ್ಟೇ" ಅನ್ನುತ್ತಾರೆ. ಇಷ್ಟು ಓಡುವವರಿಗೆ ಏನಾಗುತ್ತದೆ ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಓಟ ಆರೋಗ್ಯಕ್ಕೆ ಒಳ್ಳೆಯದು. ಅದರಲ್ಲಿ ಅನುಮಾನವಿಲ್ಲ. ಆದರೆ ದಿನಕ್ಕೆ ಒಂಬತ್ತು ಗಂಟೆ ಕೂರುವುದು ಒಂದು ಭಾರ, ವಾರಕ್ಕೆ ಐವತ್ತು ಕಿಲೋಮೀಟರ್ ಓಡುವುದು ಇನ್ನೊಂದು ಭಾರ. ಎರಡನ್ನೂ ಹೊರುವುದು ಒಂದೇ ದೇಹ. ಇಂಥವರ ದಿನಚರಿಯಲ್ಲಿ ಎಲ್ಲೆಲ್ಲಿ ತೊಂದರೆ ಶುರುವಾಗುತ್ತದೆ, ಯಾವ ನೋವನ್ನು ಕಾಯದೆ ವೈದ್ಯರಿಗೆ ತೋರಿಸಬೇಕು, ಮನೆಯವರು ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಹಳೆಯದೊಂದು ಉದಾಹರಣೆ

ಇದು ಇವತ್ತಿನ ಐಟಿ ಕಾಲದಲ್ಲಿ ಹುಟ್ಟಿದ ಜೀವನಶೈಲಿ ಅಂದುಕೊಳ್ಳಬೇಡಿ. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಅಲನ್ ಟ್ಯೂರಿಂಗ್ ಅವರೇ ದೂರದ ಓಟಗಾರ. 1945ರ ಅಕ್ಟೋಬರ್‌ನಲ್ಲಿ ಅವರು ಲಂಡನ್ ಪಕ್ಕದ ಟೆಡಿಂಗ್‌ಟನ್‌ನಲ್ಲಿರುವ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿದರು. ಎಸಿಇ ಎಂಬ ಕಂಪ್ಯೂಟರಿನ ವಿನ್ಯಾಸ ಮಾಡುವುದು ಅವರ ಕೆಲಸ. ವಿನ್ಯಾಸ ಬೇಗ ಮುಗಿಯಿತು, ಯಂತ್ರ ಕಟ್ಟುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಅದೇ ದಿನಗಳಲ್ಲಿ ಅವರು ವಾಲ್ಟನ್ ಅಥ್ಲೆಟಿಕ್ ಕ್ಲಬ್ ಸೇರಿ ಜೋರಾಗಿ ಓಡಲು ಶುರುಮಾಡಿದರು. ಟೆಡಿಂಗ್‌ಟನ್‌ನಿಂದ ಹದಿನೈದು ಕಿಲೋಮೀಟರಿಗೂ ದೂರದ ಡಾಲಿಸ್ ಹಿಲ್‌ನ ಅಂಚೆ ಇಲಾಖೆ ಸಂಶೋಧನಾ ಕೇಂದ್ರಕ್ಕೆ ಕೆಲಸವಿದ್ದಾಗ ಓಡಿಕೊಂಡೇ ಹೋಗುತ್ತಿದ್ದರು ಎಂದು ಜೊತೆಯವರು ನೆನಪಿಸಿಕೊಂಡಿದ್ದಾರೆ.

1947ರ ಆಗಸ್ಟ್‌ನಲ್ಲಿ ಲಫ್‌ಬರೋದಲ್ಲಿ ನಡೆದ ಎಎಎ ಮ್ಯಾರಥಾನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಐದನೆಯವರಾಗಿ ಬಂದರು. ತೆಗೆದುಕೊಂಡ ಸಮಯ 2 ಗಂಟೆ 46 ನಿಮಿಷ 3 ಸೆಕೆಂಡು. ಅಂದರೆ 42.195 ಕಿಲೋಮೀಟರ್ ಉದ್ದಕ್ಕೂ ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಕಡಿಮೆ. ಆಗ ಅವರಿಗೆ 35 ವರ್ಷ. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದವರ ಸಮಯಕ್ಕೂ ಇದಕ್ಕೂ ಇದ್ದ ಅಂತರ ಸುಮಾರು 11 ನಿಮಿಷ.

ಕೆಲಸದ ಒತ್ತಡ ತಲೆಯಿಂದ ಇಳಿಯಬೇಕಾದರೆ ಜೋರಾಗಿ ಓಡುವುದೇ ದಾರಿ ಎಂದು ಅವರು ಕ್ಲಬ್ಬಿನವರೊಬ್ಬರಿಗೆ ಹೇಳಿದ್ದರಂತೆ. ಇವತ್ತಿನ ಎಷ್ಟೋ ಓಟಗಾರರ ಬಾಯಲ್ಲಿ ಬರುವ ಮಾತೂ ಇದೇ. ಆದರೆ ಅವರ ಗಂಭೀರ ಸ್ಪರ್ಧೆಯನ್ನು ನಿಲ್ಲಿಸಿದ್ದು ವಯಸ್ಸೂ ಅಲ್ಲ, ಕೆಲಸವೂ ಅಲ್ಲ, ಗಾಯ. ನಾವು ಇಲ್ಲಿ ಮಾತಾಡಬೇಕಿರುವುದು ಅದರ ಬಗ್ಗೆಯೇ.

ಬೆಳಿಗ್ಗೆ: ಓಟ ಶುರುವಾಗುವ ಮುನ್ನ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅಥವಾ 75ರಿಂದ 150 ನಿಮಿಷ ಜೋರಾದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮ್ಯಾರಥಾನ್‌ಗೆ ತಯಾರಾಗುವವರು ಇದನ್ನು ಎಷ್ಟೋ ಮೀರಿರುತ್ತಾರೆ. ಅಂದರೆ ಅವರು ಓಡುತ್ತಿರುವುದು ಆರೋಗ್ಯಕ್ಕಾಗಿ ಮಾತ್ರವಲ್ಲ, ಗುರಿಗಾಗಿಯೂ ಹೌದು. ಗುರಿ ಬಂದ ಮೇಲೆ ದೇಹದ ಮಾತು ಕೇಳಿಸುವುದು ಕಡಿಮೆಯಾಗುತ್ತದೆ.

ಓಟ ಶುರುಮಾಡುವ ಮುನ್ನ ವೈದ್ಯರನ್ನು ಕಾಣಬೇಕಾದವರು ಇವರು:

• ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಆಸ್ತಮಾ ಇರುವವರು
• ನಲವತ್ತು ದಾಟಿದ ಮೇಲೆ ಮೊದಲ ಬಾರಿ ದೂರದ ಓಟಕ್ಕೆ ಇಳಿಯುವವರು
• ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿರುವವರು
• ಓಡುವಾಗ ಎದೆನೋವು, ತಲೆ ತಿರುಗುವುದು, ಎಚ್ಚರ ತಪ್ಪುವುದು ಒಮ್ಮೆಯಾದರೂ ಆಗಿರುವವರು

ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ಮತ್ತು ಓಡಿ ಕೆಲವು ಗಂಟೆಗಳ ನಂತರವೂ ಸಕ್ಕರೆ ಇಳಿಯಬಹುದು. ಓಡುವ ಮುನ್ನ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಡೋಸ್ ಎಷ್ಟು ಬದಲಿಸಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ; ಸಕ್ಕರೆ ಕಾಯಿಲೆಯಲ್ಲಿ ಸಣ್ಣ ಬೊಬ್ಬೆಯೂ ದೊಡ್ಡ ಹುಣ್ಣಾಗಬಹುದು.

ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಹೆಚ್ಚು ಏರುವುದಿಲ್ಲ. ಅಂಥವರು ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನೋಡಿ ವೇಗ ಹೆಚ್ಚಿಸಬಾರದು. ಮಾತಾಡಿಕೊಂಡು ಓಡಲು ಆಗುತ್ತಿದೆಯೇ ಎಂಬುದೇ ಅವರಿಗೆ ಒಳ್ಳೆಯ ಅಳತೆ. ಇನ್ನು ಜ್ವರ ಇದ್ದ ದಿನ ಯಾರೂ ಓಡಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಊತ ತರುತ್ತವೆ. ಆಗ ಓಟ ಅಪಾಯ.

ಗಾಳಿ ಮತ್ತು ಬಿಸಿಲು

ಟ್ಯೂರಿಂಗ್ ಅವರಿಗೆ ಹೂವಿನ ಪರಾಗದ ಅಲರ್ಜಿ ಇತ್ತು. ಯುದ್ಧದ ಕಾಲದಲ್ಲಿ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಕೆಲಸ ಮಾಡುವಾಗ, ಜೂನ್ ತಿಂಗಳು ಬಂತೆಂದರೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದರು ಎಂದು ಸಹೋದ್ಯೋಗಿಗಳು ಹೇಳಿದ್ದಾರೆ. ನೋಡಿದವರಿಗೆ ನಗು ಬಂದಿರಬಹುದು. ಆದರೆ ಉಸಿರಾಡುವ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಸರಿಯಾಗಿಯೇ ಇತ್ತು. ಓಡುವಾಗ ನಾವು ಎಳೆದುಕೊಳ್ಳುವ ಗಾಳಿ ಸುಮ್ಮನೆ ಕೂತಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಅದರ ಜೊತೆಗೆ ದೂಳೂ ಒಳಗೆ ಹೋಗುತ್ತದೆ.

ದೆಹಲಿಯಲ್ಲಿರುವವರು ನವೆಂಬರ್‌ನಿಂದ ಜನವರಿಯವರೆಗೆ ಮನೆ ಬಿಡುವ ಮುನ್ನ ಎಕ್ಯೂಐ ನೋಡಲೇಬೇಕು. ನಮ್ಮ ದೇಶದ ಅಳತೆಯಲ್ಲಿ 201ರಿಂದ 300 ಅಂದರೆ ಕೆಟ್ಟದ್ದು, 301ರಿಂದ 400 ತುಂಬಾ ಕೆಟ್ಟದ್ದು, 401 ದಾಟಿದರೆ ತೀವ್ರ. 200 ದಾಟಿದ ದಿನ ಹೊರಗಿನ ಓಟ ಬಿಟ್ಟು ಮನೆಯೊಳಗೆ ವ್ಯಾಯಾಮ ಮಾಡಿ. ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಓಡುವಾಗ ಕೆಮ್ಮು, ಎದೆಯಲ್ಲಿ ಸೀಟಿಯಂಥ ಸದ್ದು ಬರುತ್ತಿದ್ದರೆ ಅದು ವ್ಯಾಯಾಮದಿಂದ ಕೆರಳುವ ಆಸ್ತಮಾ ಇರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ವೈದ್ಯರು ಹೇಳಿದ್ದರೆ ಓಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಇನ್‌ಹೇಲರ್ ತೆಗೆದುಕೊಂಡು ಆರಾಮವಾಗಿ ಓಡಬಹುದು.

ಮುಂಬೈ, ಚೆನ್ನೈ ಕಡೆಯ ಸಮಸ್ಯೆ ಬೇರೆ. ಅಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಬೆಂಗಳೂರಿನಿಂದ ಹೊಸದಾಗಿ ಹೋದವರಿಗೆ ಆ ಹವೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ದೂರವನ್ನೂ ವೇಗವನ್ನೂ ತಗ್ಗಿಸಿ.

ಓಡುತ್ತಿದ್ದವರು ತೊದಲುವುದು, ಗೊಂದಲವಾಗಿ ಮಾತಾಡುವುದು, ತೂರಾಡುವುದು, ಕುಸಿಯುವುದು ಬಿಸಿಯಾಘಾತದ ಲಕ್ಷಣಗಳು. ಮೈ ಬೆವರುತ್ತಿದ್ದರೂ ಇದು ಆಗಬಹುದು. ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಯೆಲ್ಲ ತಣ್ಣೀರು ಸುರಿಯಿರಿ, ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಐಸ್ ಇಡಿ. ಮೊದಲು ತಣ್ಣಗೆ ಮಾಡುವುದು, ಆಮೇಲೆ ಸಾಗಿಸುವುದು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ತಿಂಡಿ, ಊಟ, ನೀರು

ಓಡಿ ಬಂದವರು ಸ್ನಾನ ಮಾಡಿ, ಒಂದು ಕಾಫಿ ಕುಡಿದು ಒಂಬತ್ತರ ಮೀಟಿಂಗ್‌ಗೆ ಕೂರುತ್ತಾರೆ. ತಿಂಡಿ ಹನ್ನೊಂದಕ್ಕೆ, ಊಟ ಮೂರಕ್ಕೆ. ತೂಕ ಇಳಿಯುತ್ತಿದೆ ಎಂಬ ಖುಷಿಯೂ ಇರುತ್ತದೆ. ತಿಂಗಳುಗಟ್ಟಲೆ ಖರ್ಚಾದಷ್ಟು ತಿನ್ನದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಹಾರ್ಮೋನು ಕಡಿಮೆ, ಮೂಳೆಯ ದುರಸ್ತಿ ಕಡಿಮೆ, ನಿದ್ದೆ ಕೆಡುತ್ತದೆ, ಮನಸ್ಸು ಸಿಡಿಮಿಡಿಗುಟ್ಟುತ್ತದೆ. ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟರು. ಇದು ಹೆಣ್ಣುಮಕ್ಕಳಿಗೂ ಬರುತ್ತದೆ, ಗಂಡಸರಿಗೂ ಬರುತ್ತದೆ.

ಹೆಣ್ಣುಮಕ್ಕಳಲ್ಲಿ ಇದರ ಸ್ಪಷ್ಟ ಗುರುತು ಮುಟ್ಟು ನಿಲ್ಲುವುದು. ಓಟ ಜಾಸ್ತಿಯಾದಾಗ ಹೀಗಾಗುವುದು ಸಹಜ ಎಂದು ಕೆಲವರು ಹೇಳುತ್ತಾರೆ. ಸಹಜವಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲು ಆ ಪರೀಕ್ಷೆ ಮಾಡಿಸಿ.

ರಕ್ತಹೀನತೆ ನಮ್ಮಲ್ಲಿ ಮೊದಲೇ ಹೆಚ್ಚು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕಾರಣವಿಲ್ಲದೆ ವೇಗ ಕುಗ್ಗಿದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಹಿಮೊಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ ನೋಡಿಸುವುದು ಒಳ್ಳೆಯದು. ಸಸ್ಯಾಹಾರಿಗಳಿಗೆ ಬಿ12 ಕೊರತೆ ಸಾಮಾನ್ಯ. ಹಗಲೆಲ್ಲ ಎಸಿ ಕೋಣೆಯಲ್ಲಿರುವವರಿಗೆ ವಿಟಮಿನ್ ಡಿ ಕಡಿಮೆಯಾಗುವುದು ಆಶ್ಚರ್ಯವಲ್ಲ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ಶುರುಮಾಡಬೇಡಿ.

ಮನೆಯ ಊಟವೇ ಸಾಕಷ್ಟು ಮಾಡಬಲ್ಲದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಓಡಿ ಬಂದ ಅರ್ಧ, ಮುಕ್ಕಾಲು ಗಂಟೆಯೊಳಗೆ ಇಡ್ಲಿ ಸಾಂಬಾರ್, ಮೊಳಕೆ ಕಾಳಿನ ಉಸಲಿ, ಮೊಸರು, ಬಾಳೆಹಣ್ಣು, ತಿನ್ನುವವರಿಗೆ ಮೊಟ್ಟೆ, ಹೀಗೆ ಏನಾದರೂ ಹೊಟ್ಟೆಗೆ ಬೀಳಲಿ. ಕಾಳು, ಸೊಪ್ಪಿಗೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಡಿಮೆ ಹಿಡಿಯುತ್ತದೆ. ಒಂದು ಗಂಟೆ ಅಂತರ ಇರಲಿ.

ನೀರನ್ನು ಬಾಯಾರಿದಷ್ಟು ಕುಡಿಯಿರಿ. ದೂರದ ಓಟದಲ್ಲಿ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಕೂಡ ಬರಬಹುದು. ಇನ್ನೊಂದು ಮುಖ್ಯ ಮಾತು: ನೋವು ಬರದಿರಲಿ ಎಂದು ಓಟಕ್ಕೆ ಮುಂಚೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸ ಬೇಡ. ಬೆವರಿ ನೀರಿನಂಶ ಕಡಿಮೆಯಾದಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಜೊತೆಗೆ, ನಿಲ್ಲಿಸು ಎಂದು ಹೇಳುವ ನೋವನ್ನೇ ಮುಚ್ಚಿಬಿಡುತ್ತವೆ.

ಹಗಲು: ಕುರ್ಚಿಯಲ್ಲಿ ಒಂಬತ್ತು ಗಂಟೆ

ಬೆಳಿಗ್ಗೆ ಓಡಿದ್ದೇನೆ, ಇನ್ನು ಕೂತರೆ ಪರವಾಗಿಲ್ಲ ಎಂಬುದು ಅರ್ಧ ಸತ್ಯ. ವ್ಯಾಯಾಮವು ಕೂರುವುದರ ಹಾನಿಯನ್ನು ತಗ್ಗಿಸುತ್ತದೆ. ಆದರೆ ಸೊಂಟದ ಮುಂಭಾಗದ ಸ್ನಾಯುಗಳು ಗಂಟೆಗಟ್ಟಲೆ ಮಡಚಿಕೊಂಡೇ ಇದ್ದು ಬಿಗಿಯಾಗುವುದು, ಕತ್ತು ಮುಂದಕ್ಕೆ ಬಾಗಿ ನೋಯುವುದು, ಕಣ್ಣು ಒಣಗುವುದು ತಪ್ಪುವುದಿಲ್ಲ.

ಮೊಣಕಾಲಿನ ವಿಷಯ ಇನ್ನೂ ಸ್ಪಷ್ಟ. ಓಟಗಾರರಲ್ಲಿ ತುಂಬಾ ಕಾಣುವ ತೊಂದರೆಯೆಂದರೆ ಮೊಣಕಾಲು ಚಿಪ್ಪಿನ ಸುತ್ತಲಿನ ನೋವು. ಇದು ಮೆಟ್ಟಿಲು ಇಳಿಯುವಾಗ ಹೆಚ್ಚು, ಜೊತೆಗೆ ಮೊಣಕಾಲು ಮಡಚಿ ಬಹಳ ಹೊತ್ತು ಕೂತಾಗಲೂ ಹೆಚ್ಚು. ಸಿನಿಮಾ ನೋಡಿ ಎದ್ದಾಗ ಮೊಣಕಾಲು ಹಿಡಿದುಕೊಳ್ಳುವುದು ಇದೇ. ಓಟದಿಂದ ಕೆರಳಿದ ಮೊಣಕಾಲನ್ನು ಕುರ್ಚಿ ಇನ್ನಷ್ಟು ನೋಯಿಸುತ್ತದೆ.

ಮಾಡಬೇಕಾದ್ದು ಕಷ್ಟವಲ್ಲ:

• ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಫೋನ್ ಕರೆಗಳನ್ನು ನಿಂತೇ ಮಾತಾಡಿ.
• 20 ನಿಮಿಷಕ್ಕೊಮ್ಮೆ, 20 ಸೆಕೆಂಡು, ಆರು ಮೀಟರ್ ದೂರದ ವಸ್ತುವನ್ನು ನೋಡಿ.
• ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಪಾದ ನೆಲಕ್ಕೆ ತಾಗಿರಲಿ.
• ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ: ಬಸ್ಕಿ, ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು. ಮೊಣಕಾಲು ನೋವಿಗೆ ಫಿಸಿಯೋಥೆರಪಿಸ್ಟ್ ಕೊಡುವ ಮುಖ್ಯ ಚಿಕಿತ್ಸೆಯೂ ಹೆಚ್ಚಾಗಿ ಇದೇ ಬಗೆಯದು.

ಯಾವ ನೋವು ಕಾಯಬಹುದು, ಯಾವುದು ಕಾಯಬಾರದು?

ಹೊಸ ದೂರ ಓಡಿದ ಮರುದಿನ ತೊಡೆ, ಮೀನಖಂಡ ಎರಡೂ ಕಡೆ ನೋಯುವುದು ಸಾಮಾನ್ಯ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತೆ ನೋವು, ನಡೆದಂತೆ ಕಡಿಮೆಯಾಗುವುದು ಅಂಗಾಲಿನ ಪಟ್ಟಿಯ ತೊಂದರೆ. ಓಟ ಕಡಿಮೆ ಮಾಡಿ, ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ನಿಧಾನವಾಗಿ ವಾಸಿಯಾಗುತ್ತದೆ.

ಕಾಯಬಾರದ್ದು ಮೂಳೆಯ ನೋವು. ಮೂಳೆಗೆ ದಿನವೂ ಸಣ್ಣ ಪೆಟ್ಟು ಬೀಳುತ್ತದೆ, ವಿಶ್ರಾಂತಿಯಲ್ಲಿ ದುರಸ್ತಿಯಾಗುತ್ತದೆ. ಪೆಟ್ಟು ಹೆಚ್ಚಾಗಿ, ನಿದ್ದೆಯೂ ಊಟವೂ ಕಡಿಮೆಯಾಗಿ ದುರಸ್ತಿ ಹಿಂದೆ ಬಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಇದರ ಗುರುತುಗಳು:

• ಒಂದೇ ಜಾಗ, ಬೆರಳಿಟ್ಟು ತೋರಿಸಬಹುದಾದಷ್ಟು ಖಚಿತ
• ಓಡಿದಂತೆ ಕಡಿಮೆಯಾಗದೆ ಹೆಚ್ಚಾಗುವ ನೋವು
• ರಾತ್ರಿ ಮಲಗಿದಾಗಲೂ ಇರುವ ನೋವು
• ಆ ಕಾಲನ್ನು ನೆಲಕ್ಕೆ ಊರಿ ನಡೆಯುವುದೇ ಕಷ್ಟವಾಗುವುದು

ತೊಡೆಸಂದಿನಲ್ಲಿ ಇಂಥ ನೋವಿದ್ದರೆ ಇನ್ನೂ ಎಚ್ಚರ. ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕಿರಬಹುದು. ಅದನ್ನು ಲೆಕ್ಕಿಸದೆ ಓಡಿದರೆ ಮೂಳೆ ಪೂರ್ತಿ ಮುರಿದು ಶಸ್ತ್ರಚಿಕಿತ್ಸೆಗೆ ಹೋಗಬೇಕಾಗುತ್ತದೆ. ಓಟವನ್ನು ಅಂದೇ ನಿಲ್ಲಿಸಿ, ಮೂಳೆ ತಜ್ಞರನ್ನು ಕಾಣಿ.

ಮನೆಯವರು ತಿಳಿದಿರಬೇಕಾದ ಒಂದು ಸಂಗತಿ: ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಮರುದಿನವೇ ಶೂ ಹಾಕಬಾರದು. ನೋವು ಹಾಗೇ ಇದ್ದರೆ ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಕೇಳಿ. ಬಹುಪಾಲು ಬಿರುಕುಗಳು ಆರರಿಂದ ಎಂಟು ವಾರದ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತವೆ. ಬೇಗ ಗುರುತಿಸಿದರೆ ಎರಡು ತಿಂಗಳ ವಿಶ್ರಾಂತಿ; ತಡವಾದರೆ ಎಷ್ಟೋ ಹೆಚ್ಚು ಕಾಲ.

ರಾತ್ರಿ: ನಿದ್ದೆ ಮತ್ತು ಮನಸ್ಸು

ಸಂಶೋಧನೆ ಮಾಡುವವರ ತಲೆ ಕಚೇರಿ ಬಿಟ್ಟ ಮೇಲೂ ಓಡುತ್ತಲೇ ಇರುತ್ತದೆ. ರಾತ್ರಿ ಹನ್ನೆರಡಕ್ಕೆ ವಿದೇಶದವರ ಜೊತೆ ಕರೆ, ಬೆಳಿಗ್ಗೆ ಐದಕ್ಕೆ ಅಲಾರಂ. ಐದು ಗಂಟೆಯೂ ನಿದ್ದೆಯಿಲ್ಲ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ತಡವಾಗಿ ಮಲಗಿದ ದಿನ ಓಟ ಬಿಡುವುದು ಸೋಮಾರಿತನವಲ್ಲ, ಅದೂ ತರಬೇತಿಯ ಭಾಗ.

ಓಟದಿಂದ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಒತ್ತಡ ಇಳಿಸಲು ಓಟ ಒಂದೇ ದಾರಿಯಾಗಿಬಿಟ್ಟರೆ ಗಾಯವಾದ ದಿನ ಎರಡು ನಷ್ಟ ಒಟ್ಟಿಗೆ ಆಗುತ್ತದೆ. ಕಾಲೂ ಹೋಯಿತು, ನೆಮ್ಮದಿಯೂ ಹೋಯಿತು. ಅದಕ್ಕೇ ಎಷ್ಟೋ ಜನ ನೋವು ಮುಚ್ಚಿಟ್ಟು ಓಡುತ್ತಾರೆ. ಮನೆಯವರಿಗೆ ಇದು ಹಟ ಅನ್ನಿಸಬಹುದು. ಹೆಚ್ಚಿನ ಸಲ ಅದು ಭಯ.

ಟ್ಯೂರಿಂಗ್ ಅವರ ಕೊನೆಯ ವರ್ಷಗಳು ಓಟದಿಂದ ಕಳೆಯಬಹುದಾದ ಕಷ್ಟದವಾಗಿರಲಿಲ್ಲ. ಸಲಿಂಗ ಸಂಬಂಧವನ್ನು ಅಂದಿನ ಬ್ರಿಟಿಷ್ ಕಾನೂನು ಅಪರಾಧವೆಂದು ಕಂಡು 1952ರಲ್ಲಿ ಅವರಿಗೆ ಶಿಕ್ಷೆ ವಿಧಿಸಿತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ರ ಜೂನ್‌ನಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಟ್ಟಿ ದೇಹದವರಿಗೂ ಜೊತೆಗೆ ನಿಲ್ಲುವ ಜನ ಬೇಕು ಎಂಬುದನ್ನು ಮರೆಯಬಾರದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದರೆ ಸಹಾಯ ಕೇಳಿ. ಬದುಕು ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ನೀವು ಯಾವ ಊರಲ್ಲಿದ್ದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಬಹುದು.

ಮನೆಯವರು ಏನು ಮಾಡಬಹುದು?

• "ಓಡಬೇಡ" ಅನ್ನುವ ಬದಲು, "ನಿನ್ನೆಗಿಂತ ಇವತ್ತು ನೋವು ಹೆಚ್ಚಾ, ಕಡಿಮೆಯಾ?" ಎಂದು ಕೇಳಿ. ಮೂರು ದಿನ ಹೆಚ್ಚು ಎಂಬ ಉತ್ತರ ಬಂದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.
• ಮೆಟ್ಟಿಲು ಇಳಿಯುವಾಗ ಒಂದು ಕಾಲು ಎಳೆಯುತ್ತಿದ್ದಾರಾ ಗಮನಿಸಿ. ಕುಂಟುತ್ತಿದ್ದರೆ ಓಟ ನಿಲ್ಲಲೇಬೇಕು.
• ಮಾತ್ರೆಯ ಪಟ್ಟಿ ಬೇಗ ಬೇಗ ಖಾಲಿಯಾಗುತ್ತಿದೆಯಾ ನೋಡಿ.
• ಓಡಲು ಹೋಗುವವರ ಬಳಿ ಫೋನ್, ಹೆಸರು, ರಕ್ತದ ಗುಂಪು, ಕಾಯಿಲೆ, ಮನೆಯ ನಂಬರ್ ಬರೆದ ಚೀಟಿ ಇರಲಿ. ಪರಊರಲ್ಲಿ ಒಂಟಿಯಾಗಿರುವವರಿಗೆ ಇದು ಇನ್ನೂ ಮುಖ್ಯ.
• ವಿಶ್ರಾಂತಿಯ ವಾರಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ಈಜು, ಸೈಕಲ್, ಸಂಜೆಯ ನಡಿಗೆ, ಇವುಗಳಲ್ಲಿ ವೈದ್ಯರು ಒಪ್ಪಿದ್ದಕ್ಕೆ ಜೊತೆಯಾಗಿ.

ಓಡುವಾಗ ಎದೆಯಲ್ಲಿ ಹಿಡಿದಂತಾಗುವುದು, ಎಚ್ಚರ ತಪ್ಪುವುದು, ಗೊಂದಲವಾಗಿ ಮಾತಾಡುವುದು, ಓಟದ ನಂತರ ಕೋಕಾಕೋಲಾ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಇಡಬಾರದು.

ಮತ್ತೆ ಓಡಲು ಆಗುತ್ತದೆಯೇ?

ಗಾಯವಾದವರು ವೈದ್ಯರನ್ನು ಮೊದಲು ಕೇಳುವ ಪ್ರಶ್ನೆ ಇದು. ಬಹಳಷ್ಟು ಮಂದಿಗೆ ಆಗುತ್ತದೆ. ನೋವಿಲ್ಲದೆ ಅರ್ಧ ಗಂಟೆ ಚುರುಕಾಗಿ ನಡೆಯಲು ಆದ ಮೇಲೆ, ವೈದ್ಯರು ಒಪ್ಪಿದರೆ, ನಡಿಗೆಯ ನಡುವೆ ಒಂದೊಂದು ನಿಮಿಷದ ಓಟ ಸೇರಿಸುತ್ತ ಹೋಗಬೇಕು. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ. ನೋವು ಮರಳಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಗಾಯದ ನಂತರ ಟ್ಯೂರಿಂಗ್ ಅವರೂ ದೊಡ್ಡ ಸ್ಪರ್ಧೆ ಬಿಟ್ಟರು, ಓಡುವುದನ್ನು ಪೂರ್ತಿ ಬಿಡಲಿಲ್ಲ.

ಇಲ್ಲಿರುವುದು ಸಾಮಾನ್ಯ ಮಾಹಿತಿ. ನಿಮ್ಮ ಕಾಯಿಲೆ, ನಿಮ್ಮ ಔಷಧಿಗೆ ತಕ್ಕ ಸಲಹೆಯನ್ನು ನಿಮ್ಮ ವೈದ್ಯರಿಂದಲೇ ಪಡೆಯಿರಿ. ಅವರ ಬಳಿ ಹೋಗುವಾಗ ಕಳೆದ ಒಂದು ತಿಂಗಳಲ್ಲಿ ಎಷ್ಟು ಓಡಿದಿರಿ, ಎಷ್ಟು ಗಂಟೆ ಕೂತಿರಿ, ಎಷ್ಟು ನಿದ್ದೆ ಮಾಡಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಈ ಮೂರು ಲೆಕ್ಕ ಮುಂದಿದ್ದರೆ ನೋವಿನ ಕಾರಣ ಹುಡುಕುವುದು ಅವರಿಗೆ ಸುಲಭವಾಗುತ್ತದೆ.